ಹಸಿ ಬಣ್ಣದ ಮೇಲೆ ಮೂರು ಬೆರಳು

ಕಾಶೆಪ್ಪನನ್ನು ನೋಡಬೇಕೆಂದು ಯಾರಾದರೂ ನೇರವಾಗಿ ಅವನ ಶೆಡ್ಡಿಗೆ ಹೋದರೆ ಅವನು ಸಿಗುವುದಿಲ್ಲ. ನಿಲಂಗಾದಿಂದ ಉದಗೀರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ ನನ್ನ ಚಹಾದಂಗಡಿ ಇದೆ. ಅದಕ್ಕೆ ಒತ್ತಿಕೊಂಡೇ ಅವನ ತಗಡಿನ ಶೆಡ್ಡು. ಕಾರಿನ ಮೈ ತಿದ್ದಿ ಬಣ್ಣ ಹೊಡೆಯುವುದು ಅವನ ಕಸುಬು. ಆದರೆ ಆಸಾಮಿ ಮುಂಜಾನೆಯೆಲ್ಲ ಶೆಡ್ಡಿನ ಹಿಂದಿನ ಅಗಸೆ ಹೊಲದ ಬದುವಿನ ಮೇಲೆ ನಿಂತಿರುತ್ತಾನೆ. ಗಿರಾಕಿ ಹಾರನ್ ಮೇಲೆ ಹಾರನ್ ಹೊಡೆದರೂ ಅವನಿಗೆ ಕೇಳುವುದಿಲ್ಲ. ನಾನೇ ಚಹಾ ಸೋಸುವ ಜರಡಿ ಹಿಡಿದುಕೊಂಡು ಹಿಂದಕ್ಕೆ ಓಡಿ ಕೂಗಬೇಕು. ಹಾಗೆ ಕೂಗಲು ಹೋದಾಗಲೆಲ್ಲ ನನ್ನ ಒಲೆಯ ಮೇಲೆ ಹಾಲು ಉಕ್ಕಿದೆ.

ನಾನು ಮಂಗಲಾ. ನನ್ನ ತವರು ಭಾಲ್ಕಿ ಕಡೆ. ಕಾಶೆಪ್ಪನೂ ಆ ಕಡೆಯವನೇ. ಇಲ್ಲಿಯ ಸುಗಂಧಾಳನ್ನು ಮದುವೆಯಾಗಿ ಇಲ್ಲೇ ಉಳಿದವನು. ಒಂದೇ ನೆಲದ ನೀರು ಕುಡಿದವರು ಎಂಬ ಕಾರಣಕ್ಕೆ ಅವನನ್ನು ಬಯ್ಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಬಯ್ದರೆ ಅವನು ನಗುತ್ತಾನೆ. ಆ ನಗು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಹೊಲದಲ್ಲಿ ಅಷ್ಟು ಹೊತ್ತು ಏನು ನೋಡುತ್ತೀಯೋ ಮಾರಾಯ ಎಂದು ಒಮ್ಮೆ ಕೇಳಿದೆ. ಅಗಸೆಯ ಹೂವಿನ ನೀಲಿ ಬಿಸಿಲು ಏರಿದಂತೆ ಬದಲಾಗುತ್ತದಂತೆ. ಮಂಜಿನಲ್ಲಿ ಒಂದು, ಎಳೆ ಬಿಸಿಲಲ್ಲಿ ಇನ್ನೊಂದು, ಮಧ್ಯಾಹ್ನಕ್ಕೆ ಹೂವೇ ಉದುರಿ ನೀಲಿ ಎಂಬುದೇ ಇರುವುದಿಲ್ಲವಂತೆ. ಆಮೇಲೆ ಮೆಲ್ಲಗೆ ಇನ್ನೊಂದು ಗುಟ್ಟು ಹೇಳಿದ. ಶೆಡ್ಡಿಗೆ ಬಂದ ಪ್ರತಿ ಗಾಡಿಯೂ ಬಣ್ಣ ಹಚ್ಚಿಸಿಕೊಳ್ಳುವ ಮೊದಲು ಒಮ್ಮೆ ಅವನ ಕನಸಿಗೆ ಬರುತ್ತದಂತೆ. ಇಂಜಿನ್ ಸದ್ದಿಲ್ಲದೆ, ಮಂಜಿನಲ್ಲಿ ಬದುವಿನಗುಂಟ ನಡೆದು ಬಂದು ಅವನ ಮುಂದೆ ನಿಲ್ಲುತ್ತದಂತೆ. ಕಂಪನಿಯವರು ಕೊಟ್ಟ ನಂಬರ್ ನೋಡಿಯೇ ಬಣ್ಣ ಕಲಸುತ್ತಾನೆ ಅನ್ನಿ, ಆದರೆ ಕೊನೆಯ ಒಂದು ಹನಿಯನ್ನು ಕನಸು ನೆನಪಿಸಿಕೊಂಡು ಹಾಕುತ್ತಾನೆ. ನಾನು ಇದನ್ನು ಕೇಳಿ ಹಣೆ ಹಣೆ ಚಚ್ಚಿಕೊಂಡೆ. ಆದರೂ ಅವನು ಹಚ್ಚಿದ ಬಣ್ಣ ಯಾವುದು, ಹಳೆಯದು ಯಾವುದು ಎಂದು ಗುರುತು ಹಿಡಿದವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಹುಚ್ಚು ಅವನಿಗೆ ಅಪ್ಪನಿಂದ ಬಂದದ್ದು. ಅವನ ಅಪ್ಪ ಸಂತೆಯಲ್ಲಿ ಎತ್ತಿನ ದಲಾಲಿ ಮಾಡುತ್ತಿದ್ದ. ಅಲ್ಲಿ ಮಾತು ಮುಗಿದು, ರೊಕ್ಕ ಎಣಿಸಿ ಆಗಿದ್ದರೂ ಮಾರುವವನು ಎತ್ತಿನ ಹಗ್ಗವನ್ನು ಕೊಳ್ಳುವವನ ಕೈಗೆ ಇಡುವವರೆಗೆ ಎತ್ತು ಮಾರುವವನದೇ. ಅಷ್ಟರೊಳಗೆ ಅದು ಕಾಲು ಮುರಿದುಕೊಂಡರೂ, ಸತ್ತರೂ ಮಾರುವವನೇ ಹೊರಬೇಕು. ಕಾಶೆಪ್ಪ ಈ ಪದ್ಧತಿಯನ್ನು ಕಾರಿಗೆ ತಂದ. ಕೀಲಿಕೈ ಅವನ ಶೆಡ್ಡಿನ ಮೊಳೆಗೆ ನೇತಾಡುವಷ್ಟು ಹೊತ್ತು ಗಾಡಿಗೆ ಏನಾದರೂ ಅವನದೇ ಜವಾಬ್ದಾರಿ. ಬೇರೆ ಗ್ಯಾರೇಜಿನವರು ನಷ್ಟಕ್ಕೆ ನಾವು ಹೊಣೆಯಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸುತ್ತಾರೆ. ಇವನು ಬರೆಸಲಿಲ್ಲ. ಒಂದು ಮಳೆಗಾಲ ಗಾಳಿಗೆ ಬೇವಿನ ಟೊಂಗೆ ಮುರಿದು ಅಂಗಳದಲ್ಲಿದ್ದ ಗಾಡಿಯ ಮೇಲೆ ಬಿತ್ತು. ಗಾಳಿ ನೀನು ಬೀಸಿದ್ದೇನು ಎಂದು ಸುಗಂಧಾ ಕಣ್ಣೀರು ಹಾಕಿದಳು. ಇವನು ತನ್ನ ಕೈಯಿಂದ ರೊಕ್ಕ ಹಾಕಿ ಅದನ್ನು ಸರಿಮಾಡಿ ಕಳಿಸಿದ.

ಇಂಥವನ ಶೆಡ್ಡಿಗೆ ಹೋದ ಪುಷ್ಯ ಮಾಸದಲ್ಲಿ ಮಾಣಿಕಪ್ಪನ ಕಾರು ಬಂತು.

ಮಾಣಿಕಪ್ಪ ಕಾಸಾರಶಿರಸಿಯ ಕಡೆಯ ರೈತ. ಹಿರಿಯರ ಕಾಲದಿಂದ ಹೊಲ ಉಳುವ ಮನೆತನ, ಮಾತಿಗೆ ತೂಕ ಇರುವ ಮನುಷ್ಯ. ನೀಲಿ ಕಾರು. ಕಬ್ಬು ತುಂಬಿದ ಟ್ರಾಲಿಯ ಹಿಂದೆ ಹೋಗುವಾಗ ಕಬ್ಬಿನ ಹೊರೆ ಜಾರಿ ಬಾನೆಟ್ಟಿನ ಮೇಲೆ ಬಿದ್ದು ತಗಡು ಕುಗ್ಗಿತ್ತು, ಬಣ್ಣ ಕಿತ್ತಿತ್ತು. ಅವನಿಗೆ ಅವಸರವಿತ್ತು. ಮಗಳು ಸ್ವಪ್ನಾಲಿ ಉಮರಗಾದ ಆಸ್ಪತ್ರೆಯಲ್ಲಿ ಚೊಚ್ಚಲು ಹೆತ್ತಿದ್ದಳು, ಹೆಣ್ಣು ಕೂಸು. ಬುಧವಾರ ಬಾಣಂತಿಯನ್ನು, ಕೂಸನ್ನು ತನ್ನದೇ ಕಾರಿನಲ್ಲಿ ಮನೆಗೆ ತರಬೇಕು ಎಂದು ಬಾಯಿ ತುಂಬ ಹೇಳಿಕೊಂಡ. ಮಂಗಳವಾರ ಮಧ್ಯಾಹ್ನಕ್ಕೆ ಒಯ್ಯಿರಿ ಎಂದು ಕಾಶೆಪ್ಪ ಮಾತು ಕೊಟ್ಟ. ಆ ನೀಲಿ ಅವನ ಕನಸಿಗೆ ಬಂದಿತ್ತೋ ಏನೋ, ಭಾನುವಾರ ಸಂಜೆ ಕೊನೆಯ ಕೈ ಬಣ್ಣ ಹಚ್ಚಿ ಹೊರಗೆ ಬಂದವನ ಮುಖ ನೋಡಬೇಕಿತ್ತು. ಕೈಯಲ್ಲಿ ಚಹಾ ಕೊಟ್ಟರೆ ಅದನ್ನು ಆರಲು ಬಿಟ್ಟು ಸುಮ್ಮನೆ ನಿಂತಿದ್ದ.

ಸೋಮವಾರ ಬೆಳಿಗ್ಗೆ ದಟ್ಟ ಮಂಜು. ರಸ್ತೆಯ ಆಚೆಯ ತೊಗರಿ ಹೊಲ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಸ್ಸುಗಳು ದೀಪ ಹಚ್ಚಿಕೊಂಡು ತೇಲಿ ಬಂದಂತೆ ಬರುತ್ತಿದ್ದವು. ಅಂಥ ಒಂದು ಬಸ್ಸಿನಿಂದ ಮಾಣಿಕಪ್ಪ ತಾಯಿಯ ಜೊತೆ ಇಳಿದ. ಅವನ ಮನೆಯಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಕೆಲಸವಿಲ್ಲದ ದಿನ ನೋಡಿ ತಾಯಿ ಪ್ರಯಾಗಬಾಯಿಯನ್ನು ಉದಗೀರದ ಕಣ್ಣಿನ ಡಾಕ್ಟರಿಗೆ ತೋರಿಸಲು ಹೊರಟಿದ್ದ. ದಾರಿಯಲ್ಲಿ ಗಾಡಿ ಹೇಗಾಗಿದೆ ನೋಡೋಣ ಎಂದು ಇಳಿದವನು, ನೋಡಿ ಬಹಳ ಖುಷಿಯಾಗಿ, ಹೇಗೂ ಒಳ್ಳೆಯ ವಾರ, ಪೂಜೆ ಇವತ್ತೇ ಆಗಲಿ, ಗಾಡಿ ನಾಳೆ ಒಯ್ಯುತ್ತೇನೆ ಎಂದ. ತೆಂಗಿನಕಾಯಿ ತರಲು ತಾನೇ ಊರೊಳಗೆ ನಡೆದ.

ಇಲ್ಲಿ ಒಂದು ಮಾತು ಹೇಳಬೇಕು. ತಯಾರಾದ ಗಾಡಿಯನ್ನು ಪೂಜೆಯಾಗದೆ ನಮ್ಮ ಕಡೆ ಯಾರೂ ಒಯ್ಯುವುದಿಲ್ಲ. ಮಾಲಕನ ಮನೆಯ ಮುತ್ತೈದೆ ಬಂದಿದ್ದರೆ ಅವಳು ವಿಭೂತಿ ಹಚ್ಚುತ್ತಾಳೆ, ಇಲ್ಲದಿದ್ದರೆ ಸುಗಂಧಾ. ಬಣ್ಣ ಹಸಿ ಇದ್ದಾಗ ಎಲ್ಲಿ ಹಚ್ಚಬೇಕೆಂದು ಅವಳಿಗೆ ಗೊತ್ತು. ಮುಂದಿನ ಗಾಜಿಗೆ ಹಚ್ಚಿ ಕೈ ಮುಗಿಯುತ್ತಾಳೆ. ಅಂದು ಮಾಣಿಕಪ್ಪನ ಹೆಂಡತಿ ಚಂಪಾಬಾಯಿ ಬಂದಿರಲಿಲ್ಲ, ಮಗಳ ಜೊತೆ ಆಸ್ಪತ್ರೆಯಲ್ಲಿದ್ದಳು. ಸುಗಂಧಾ ತಟ್ಟೆಯಲ್ಲಿ ವಿಭೂತಿ, ಹೂವು ಇಟ್ಟುಕೊಂಡು ಬಂದಳು. ಮಂಜಿಗೆ, ಥಂಡಿಗೆ ಬಣ್ಣ ಇನ್ನೂ ಗಟ್ಟಿಯಾಗಿರಲಿಲ್ಲ. ನೋಡಲು ಒಣಗಿದಂತೆ ಇತ್ತು, ಒಳಗೆ ಬೆಣ್ಣೆ.

ಪ್ರಯಾಗಬಾಯಿ ಅಲ್ಲಿಯವರೆಗೆ ಶೆಡ್ಡಿನ ಕಂಬಕ್ಕೆ ಒರಗಿ ದೂರ ನಿಂತಿದ್ದಳು. ಗಂಡ ತೀರಿಕೊಂಡು ವರ್ಷವಾಗಿತ್ತು. ಬರಿ ಹಣೆ, ಬರಿ ಕೈ. ವಿಭೂತಿಗೆ ಮುತ್ತೈದೆ, ಮುತ್ತೈದೆಯಲ್ಲದವಳು ಎಂಬ ಭೇದ ನಮ್ಮ ಶರಣರ ಧರ್ಮದಲ್ಲಿ ಇಲ್ಲವೆಂದು ಮಠದಲ್ಲಿ ಕೂತು ಎಲ್ಲರೂ ತಲೆದೂಗುತ್ತಾರೆ. ಓಣಿಗೆ ಬಂದರೆ ಕಥೆ ಬೇರೆ. ಮೊದಲ ಬೀಜ, ಮೊದಲ ಆರತಿ, ಹೊಸ ಗಾಡಿ, ಯಾವುದಕ್ಕೂ ಆ ಕೈ ಮುಂದೆ ಬರಬಾರದು. ನನಗೂ ಈ ಬರಿ ಹಣೆ ಬಂದು ಬಹಳ ದಿನವಾಯಿತು, ಅದಕ್ಕೇ ಬಲ್ಲೆ. ಆ ಮುದುಕಿ ಮೆಲ್ಲಗೆ ಕಂಬ ಬಿಟ್ಟು ಮುಂದೆ ಬಂದಳು. ಯಾರೂ ಕರೆದಿರಲಿಲ್ಲ. ಸುಗಂಧಾ ಅರೆಗಳಿಗೆ ತಡೆದು, ಆಮೇಲೆ ತಟ್ಟೆಯನ್ನು ಅವಳ ಕಡೆ ಚಾಚಿದಳು.

ಮುದುಕಿ ಗಾಜಿನ ಕಡೆ ನೋಡಲೇ ಇಲ್ಲ. ಜನ್ಮವೆಲ್ಲ ಎತ್ತಿನ ಹಣೆಗೆ ಹಚ್ಚಿದ ಕೈ ಅದು. ಮೂರು ಬೆರಳನ್ನು ನೀರಿನಲ್ಲಿ ಅದ್ದಿ, ವಿಭೂತಿ ತೇದು, ಕಾರಿನ ಹಣೆ ಎಲ್ಲಿದೆ ಎಂದು ಒಂದು ಸಲ ಕಣ್ಣು ಕಿರಿದು ಮಾಡಿ ನೋಡಿದಳು. ಬಾನೆಟ್ಟಿನ ನಟ್ಟನಡುವೆ ಕೈ ಹೋಯಿತು.

ಕಾಶೆಪ್ಪನ ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ನೋಡಿದೆ. ಮುಟ್ಟಬ್ಯಾಡ್ರಿ ಎಂಬ ಮಾತು ಅವನ ತುಟಿಯವರೆಗೆ ಬಂದಿತ್ತು. ಬಣ್ಣ ಹಸಿ ಇದೆ ಎಂದು ಆಮೇಲೆ ನೂರು ಸಲ ಹೇಳಿದರೂ ಮುದುಕಿಯ ಕಿವಿಗೆ ಬೀಳುತ್ತಿದ್ದದ್ದು ಆ ಮೊದಲ ಮಾತೊಂದೇ. ಅವನು ಬಾಯಿ ಮುಚ್ಚಿದ. ಮುದುಕಿ ಮೂರು ಬೆರಳನ್ನು ಒತ್ತಿ, ಈ ತುದಿಯಿಂದ ಆ ತುದಿಗೆ, ಪ್ರೀತಿಯಿಂದ ಎಳೆದಳು. ಆಮೇಲೆ ತಟಕ್ಕನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದಳು. ಮಾಣಿಕಪ್ಪ ಕಾಯಿ ತಂದು ಒಡೆಯುವಾಗ ಅಲ್ಲಿ ಕಾಣುತ್ತಿದ್ದದ್ದು ಬಿಳಿಯ ಮೂರು ಗೆರೆ ಮಾತ್ರ. ಅವನು ಕೈ ಮುಗಿದು ತಾಯಿಯೊಂದಿಗೆ ಉದಗೀರದ ಬಸ್ಸು ಹತ್ತಿದ.

ಬಸ್ಸು ಹೋದ ಮೇಲೆ ಕಾಶೆಪ್ಪ ವಿಭೂತಿ ಒರೆಸಿದ. ಕೆಳಗೆ ಬಣ್ಣ ಮೂರು ಸಾಲು ಉತ್ತಂತೆ ಎದ್ದಿತ್ತು. ಇಡೀ ಬಾನೆಟ್ಟನ್ನು ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಮಾಡಬೇಕು. ಮಂಗಳವಾರವಂತೂ ಆಗುವ ಮಾತಲ್ಲ. ನಾನು ಸುಮ್ಮನಿರಲಿಲ್ಲ. ಆಗಿದ್ದು ಹೇಳಿಬಿಡು, ತಾಯಿಯಿಂದ ಆದದ್ದು ಮಗ ಕೊಡಲಿ ಎಂದೆ. ಕೀಲಿ ಇನ್ನೂ ನನ್ನ ಮೊಳೆಯ ಮೇಲಿದೆ ಎಂದ. ಅದು ಹಾಳಾಗಿ ಹೋಗಲಿ, ರೊಕ್ಕ ನೀನೇ ಹಾಕು, ಹೇಳುವುದಾದರೂ ಹೇಳು ಎಂದು ರೇಗಿದೆ. ಆಗ ಅವನು ಹೇಳಿದ್ದು ನನ್ನ ಎದೆಗೆ ನಾಟಿತು. ಚೊಚ್ಚಲು ಮೊಮ್ಮಗಳು ಮನೆಗೆ ಬರುವ ಗಾಡಿ ಅದು. ಅದು ಕೆಟ್ಟದ್ದು ಆ ಬರಿ ಕೈ ತಾಗಿ ಎಂದು ಗೊತ್ತಾದರೆ ಓಣಿ ಏನನ್ನುತ್ತದೆ? ಆ ಕೂಸನ್ನು ಎತ್ತಿಕೊಳ್ಳಲು ಮುದುಕಿಗೆ ಕೊಡುತ್ತಾರೆಯೇ? ನಾನೂ, ಸುಗಂಧಾಳೂ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡ.

ಮಂಗಳವಾರ ಮಾಣಿಕಪ್ಪ ಬಂದಾಗ ಬಾನೆಟ್ಟು ಬೋಳಾಗಿತ್ತು. ಕಾಶೆಪ್ಪ ತಲೆ ತಗ್ಗಿಸಿ, ಬಣ್ಣಕ್ಕೆ ಬೆರೆಸುವ ಥಿನ್ನರ್ ಕೆಟ್ಟದ್ದು ಬಂದಿತ್ತು, ಬಣ್ಣ ಹಿಡಿಯಲಿಲ್ಲ, ತಪ್ಪು ನನ್ನದು ಎಂದ. ನಾನು ಒಲೆಯ ಮುಂದೆ ತುಟಿ ಕಚ್ಚಿಕೊಂಡು ನಿಂತಿದ್ದೆ. ಮಾಣಿಕಪ್ಪನ ಸಿಟ್ಟು ನ್ಯಾಯದ್ದೇ. ಅವನಿಗೇನು ಗೊತ್ತು ಪಾಪ. ಮರುದಿನ ಬಾಣಂತಿ, ಕೂಸು ಯಾರದೋ ಬಾಡಿಗೆಯ ಜೀಪಿನಲ್ಲಿ ಧೂಳು ತಿನ್ನುತ್ತ ಮನೆಗೆ ಬಂದರು. ಕಾಶೆಪ್ಪ ಹೊಸದಾಗಿ ಬಣ್ಣ ಹಚ್ಚಿ, ಒಂದು ಪೈಸೆ ತೆಗೆದುಕೊಳ್ಳದೆ ಕಾರು ಕೊಟ್ಟ. ಮಾಣಿಕಪ್ಪ ಕೀಲಿ ಕಸಿದುಕೊಂಡಂತೆ ತೆಗೆದುಕೊಂಡು ಹೋದ.

ರೊಕ್ಕ ಹೋದದ್ದು ದೊಡ್ಡದಲ್ಲ, ಬರುತ್ತದೆ. ಹೆಸರು ಹೋಯಿತು. ಮಾಣಿಕಪ್ಪ ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ: ಅವನ ಕೈ ಚೆನ್ನಾಗಿಲ್ಲ, ಅವನ ಬಣ್ಣ ನಿಲ್ಲುವುದಿಲ್ಲ. ಶಿರೂರ ಅನಂತಪಾಳದಿಂದ ಬರಬೇಕಿದ್ದ ಜೀಪು ಬರಲಿಲ್ಲ. ಉಮರಗಾದ ಖಾಯಂ ಗಿರಾಕಿಗಳು ಇತ್ತ ಬಾರದೆ ಲಾತೂರಿಗೆ ಹೋದರು. ಕಾಶೆಪ್ಪನ ಕನಸಿಗೆ ಗಾಡಿಗಳು ಬರುವುದು ನಿಂತಿತಂತೆ. ಬದು ಕಾಣುತ್ತದೆ, ಮಂಜು ಕಾಣುತ್ತದೆ, ಯಾರೂ ಬರುವುದಿಲ್ಲ ಎಂದ. ನಾನು ಅವನಿಗೆ ಚಹಾ ಕೊಟ್ಟು ಬಯ್ಯುವುದನ್ನೇ ಬಿಟ್ಟೆ, ಅದು ನನಗೇ ಹೆದರಿಕೆ ತಂದಿತು. ಎಷ್ಟು ಸಲ ನನ್ನ ನಾಲಿಗೆ ತುದಿಗೆ ನಿಜ ಬಂದು ನಿಂತಿತೋ. ಸುಗಂಧಾ ದೂರದಿಂದಲೇ ನನ್ನ ಮುಖ ನೋಡಿ ಬೇಡವೆಂದು ತಲೆಯಾಡಿಸುತ್ತಿದ್ದಳು.

ಶಿವರಾತ್ರಿ ಸಮೀಪಿಸಿದಾಗ ಒಂದು ಮಧ್ಯಾಹ್ನ ಆ ನೀಲಿ ಕಾರು ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ಮತ್ತೆ ಕಣ್ಣಿನ ಡಾಕ್ಟರ ಕಡೆ ಹೊರಟಿದ್ದರು. ಮಾಣಿಕಪ್ಪ ಇಳಿಯಲಿಲ್ಲ, ಶೆಡ್ಡಿನ ಕಡೆ ಬೆನ್ನು ಮಾಡಿ ಸ್ಟೇರಿಂಗ್ ಹಿಡಿದು ಕೂತ. ಪ್ರಯಾಗಬಾಯಿ ಇಳಿದು ಬಂದು ಬೆಂಚಿನ ಮೇಲೆ ಕೂತಳು. ಅಂಗಡಿಯಲ್ಲಿ ನಾಲ್ಕಾರು ಜನ ಇದ್ದರು, ಕಾಸಾರಶಿರಸಿ ಕಡೆಯವರೂ ಇದ್ದರು. ಕಾಶೆಪ್ಪನನ್ನು ಕರೆ ಎಂದಳು ಮುದುಕಿ. ಅವನು ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ಥಿನ್ನರ್ ಕೆಟ್ಟಿತ್ತಂತ ಹೇಳಿದಿಯಂತಲ್ಲೋ" ಎಂದಳು.

"ಹೌದ್ರೀ ಅವ್ವಾ."

"ಸುಳ್ಳ ಹೇಳಬ್ಯಾಡ. ನನ್ನ ಬೆರಳಿಗೆ ನೀಲಿ ಹತ್ತಿತ್ತು. ಸೆರಗಿನಾಗ ಮುಚಗೊಂಡೆ. ಮನ್ಯಾಗ ಯಾರಿಗೂ ತೋರಸಲಿಲ್ಲ, ಅಂಜಿಕಿ ಬಂತು."

ಅವಳು ಮುಂದುವರಿಸಿದಳು. ಮಗ ಊರ ತುಂಬ ಹೇಳುತ್ತಿದ್ದ ಮಾತು ಅವಳ ಕಿವಿಗೆ ಬಿದ್ದಿತ್ತಂತೆ. ದಿನಾ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳಂತೆ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಾಗ ಮತ್ತೆ ನಾಳೆಗೆ ದೂಡುತ್ತಿದ್ದಳಂತೆ.

"ನಾ ಹಚ್ಚುವಾಗ ನೀ ಬಾಜೂಕೇ ನಿಂತಿದ್ದಿ. ಮುಟ್ಟಬ್ಯಾಡ ಅಂತ ಯಾಕ ಅನ್ಲಿಲ್ಲ?"

"ಅಂದಿದ್ರ ನಿಮಗ ಬ್ಯಾರೇನೇ ಕೇಳಸ್ತಿತ್ತಲ್ರೀ ಅವ್ವಾ" ಎಂದ.

ಹೌದು, ಬೇರೆಯೇ ಕೇಳಿಸುತ್ತಿತ್ತು ಎಂದಳು. ಆಮೇಲೆ ಬೆಂಚಿನಿಂದ ಎದ್ದು, ಚಹಾ ಕುಡಿಯುತ್ತಿದ್ದವರ ಕಡೆ ತಿರುಗಿದಳು. ಕಾಶೆಪ್ಪ ಬೇಡವೆಂದು ಕೈ ಮುಂದೆ ಮಾಡಿದ, ನಾನು ಅವನ ಕೈಯನ್ನು ಪಕ್ಕಕ್ಕೆ ಸರಿಸಿದೆ. ಇವನ ಬಣ್ಣ ಕೆಟ್ಟಿರಲಿಲ್ಲ, ಹಸಿ ಬಣ್ಣದ ಮೇಲೆ ನನ್ನ ಕೈ ಬಿದ್ದು ಕೆಟ್ಟಿತು, ನೀವು ಏನು ಬೇಕಾದರೂ ಅನ್ನಿರಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕಾಸಾರಶಿರಸಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಾಳೆ ಊರಲ್ಲಿ ಅವರು ಏನನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು, ಮುದುಕಿಗೂ ಗೊತ್ತಿತ್ತು.

"ಹಣಿ ಬರಿದಾಗಿ ವರ್ಷ ಆಯ್ತು" ಎಂದಳು ಕಾಶೆಪ್ಪನಿಗೆ, ಈ ಸಲ ಮೆಲ್ಲಗೆ. "ಎಲ್ಲಾರೂ ಮುಟ್ಟಬ್ಯಾಡ ಅಂದಾರ. ನೀ ಒಬ್ಬಂವ ಅನ್ಲಿಲ್ಲ. ಅದಕ್ಕ ನಿನ್ನ ಹೆಸರ ಹೋಯ್ತು."

ಮಾಣಿಕಪ್ಪ ಯಾವಾಗ ಕಾರಿನಿಂದ ಇಳಿದು ಬಂದಿದ್ದನೋ, ನಾನು ನೋಡಿರಲಿಲ್ಲ. ಮೊದಲು ಜೇಬಿಗೆ ಕೈ ಹಾಕಿ, ಬಣ್ಣದ ಖರ್ಚೆಲ್ಲ ನನ್ನದು, ಊರಿಗೆ ಹೋಗಿ ನಾನೇ ಎಲ್ಲರಿಗೂ ಹೇಳುತ್ತೇನೆ ಎಂದ. ಕಾಶೆಪ್ಪ ಎಂದಿನ ಹುಚ್ಚಿನಲ್ಲಿ, ಗಾಡಿ ಆಗ ನನ್ನ ಸುಪರ್ದಿಯಲ್ಲಿತ್ತು, ರೊಕ್ಕ ಮುಟ್ಟುವುದಿಲ್ಲ ಎಂದ. ಇಬ್ಬರೂ ಜಗ್ಗಾಡುತ್ತಿರುವಾಗ ಮುದುಕಿ ಯಾರನ್ನೂ ನೋಡದೆ ಮತ್ತೆ ಬೆಂಚಿನ ಮೇಲೆ ಕೂತಿದ್ದಳು. ಮಾಣಿಕಪ್ಪ ಜೇಬಿನಿಂದ ಕೈ ತೆಗೆದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಎಲ್ಲಾರೂ ಅಂದಾರ ಅಂದೆಲ್ಲ ಅವ್ವಾ. ನಾನೂ ಅಂದೀನೇನು?"

ಪ್ರಯಾಗಬಾಯಿ ಮಗನ ತಲೆಯ ಮೇಲೆ ಕೈ ಇಟ್ಟಳು.

"ನೀ ಬಾಯಿಲೆ ಏನೂ ಅಂದಿಲ್ಲಪ್ಪಾ. ಬೀಜ ಬಿತ್ತೋ ದಿನ ಪೂಜಿ ತಾಟ ನನ್ನ ಕೈಯಾಗಿಂದ ತೊಗೊಂಡಿ. ಚಂಪಾನ ಕೈಯಾಗ ಕೊಟ್ಟಿ. ಅಷ್ಟೇ."